ಭಾವ ಮತ್ತು ಚಂದ್ರನ ಕಾರ್ಟೂನು

ಮೊನ್ನೆ ಮಂಗಳೂರಲ್ಲಿ ಅಕ್ಕನ ಮನೆಯಲ್ಲಿ ಪೂಜೆ ಇತ್ತು. ಊಟದ ಪಂಕ್ತಿಯಲ್ಲಿ ಭಾವ ಶುರು ಮಾಡಿದರು. "ಚಂದ್ರಯಾನ-3 ಇಳಿಯುವಾಗ ಟೀವಿಯಲ್ಲಿ ತೋರಿಸಿದ್ದು ಬರೀ ಕಾರ್ಟೂನು ಮಾರಾಯ. ಇಂಜಿನಿಯರ್ ಆಗಿ ನೀನೂ ನಂಬುವುದಾ?" ಪಕ್ಕದಲ್ಲಿ ಅವರ ಮಗ, ಎಂಟನೇ ಕ್ಲಾಸು. ಹೋದ ತಿಂಗಳಷ್ಟೇ ಪಿಲಿಕುಳದ ತಾರಾಲಯ ನೋಡಿ ಬಂದವ. ಅವನ ಮುಖ ನೋಡಿ ನನಗೆ ಪಾಯಸ ಇಳಿಯಲಿಲ್ಲ. ಅಲ್ಲಿ ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಪೂರ್ತಿ ಹೇಳಿಬಿಡುತ್ತೇನೆ.

ಹೌದು ಸ್ವಾಮಿ, 2023ರ ಆಗಸ್ಟ್ 23ರ ಸಂಜೆ ನಾವು ನೋಡಿದ 'ಇಳಿಯುವ ವಿಕ್ರಮ್' ಅನಿಮೇಶನ್ನೇ. ಪಕ್ಕದಲ್ಲಿ ನಿಂತು ಶೂಟಿಂಗ್ ಮಾಡಲು ಅಲ್ಲಿ ಯಾರಿದ್ದರು? ಲ್ಯಾಂಡರ್ ಕಳಿಸುತ್ತಿದ್ದದ್ದು ತನ್ನ ವೇಗ, ಎತ್ತರದ ಅಂಕಿಗಳನ್ನು. ಇಳಿಯುವಾಗ ಅದರ ಕ್ಯಾಮೆರಾ ಕಂಡ ನಿಜವಾದ ದೃಶ್ಯವನ್ನು ಇಸ್ರೋ ಮರುದಿನ ಬಿಡುಗಡೆ ಮಾಡಿತು. ಆಫೀಸಲ್ಲಿ ನಾನು ದಿನವಿಡೀ ನೋಡುವುದೂ ಗ್ರಾಫನ್ನೇ, ಸರ್ವರ್ ಇರುವುದು ಇನ್ನೆಲ್ಲೋ. ಗ್ರಾಫ್ ಬರೀ ಚಿತ್ರ ಅಂತ ಸರ್ವರೇ ಸುಳ್ಳಾ?

ಇನ್ನೊಂದು ವಿಷಯ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2 ಇಳಿಯುವಾಗಲೂ ಇಂಥದ್ದೇ ಪರದೆ ಇತ್ತು. ಗೆರೆ ದಾರಿ ತಪ್ಪಿತು, ಸಂಪರ್ಕ ಕಡಿಯಿತು. ಆಗ ಭಾವ "ಕಾರ್ಟೂನು" ಅನ್ನಲಿಲ್ಲ, ತಕ್ಷಣ ನಂಬಿದರು! ಸೋಲು ನಿಜ, ಗೆಲುವು ಮಾತ್ರ ನಾಟಕವಾ? ಸ್ಟುಡಿಯೋದಲ್ಲೇ ಮಾಡುವುದಾದರೆ ಮೊದಲ ಸಲವೇ ಪಾಸಾಗಬಹುದಿತ್ತಲ್ಲ? ಆ ನೌಕೆಯ ಚೂರುಗಳನ್ನು ನಾಸಾದ ಫೋಟೋಗಳಲ್ಲಿ ಗುರುತಿಸಿದ್ದು ಚೆನ್ನೈನ ಷಣ್ಮುಗ ಸುಬ್ರಮಣಿಯನ್. ಇಸ್ರೋದವರೂ ಅಲ್ಲ, ನಾಸಾದವರೂ ಅಲ್ಲ, ನಮ್ಮ ಹಾಗೆ ಒಬ್ಬ ಇಂಜಿನಿಯರ್.

ಈಗಿನ ವಿಕ್ರಮ್ ಮೇಲೆ ನಾಸಾದ ಪುಟ್ಟ ಪ್ರತಿಫಲಕ ಒಂದು ಉಂಟು. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿರುವ ನಾಸಾ ನೌಕೆ 100 ಕಿ.ಮೀ. ದೂರದಿಂದ ಲೇಸರ್ ಬಿಟ್ಟಾಗ ಬೆಳಕು ವಾಪಸ್ ಬಂತು. ಇಲ್ಲದ ಲ್ಯಾಂಡರಿನಿಂದ ಬೆಳಕು ವಾಪಸ್ ಬರುವುದುಂಟಾ?

"ನಾಸಾದವರೂ ಸೇರಿಕೊಂಡಿದ್ದಾರೆ" ಅಂದರು ಭಾವ. "ಹಾಗಾದರೆ ಯಾವ ಸಾಕ್ಷಿ ಕೊಟ್ಟರೆ ನೀವು ಒಪ್ಪುತ್ತೀರಿ ಭಾವ?" ಅಂತ ಕೇಳಿದೆ. ಉತ್ತರ ಇಲ್ಲ. ಮಜ್ಜಿಗೆ ಬಂತು, ಮಾತು ಮುಗಿಯಿತು.

ಅನುಮಾನ ಪಡಬೇಡಿ ಅಂತ ನಾನು ಹೇಳುವುದಿಲ್ಲ. ಅನುಮಾನ ಪಡದವ ಬಗ್ ಹುಡುಕಲಾರ. ಆದರೆ ಯಾವ ಸಾಕ್ಷಿಗೂ ಜಗ್ಗದ್ದು ಅನುಮಾನ ಅಲ್ಲ, ಹಠ. ಆ ಹಠವನ್ನು ಮಕ್ಕಳ ಎಲೆಗೆ ಬಡಿಸಬೇಡಿ.

ಕೈ ತೊಳೆಯುವಾಗ ಅಳಿಯ ಮೆಲ್ಲಗೆ ಕೇಳಿದ, "ಅಪ್ಪ ಹೇಳಿದ್ದು ಹೌದಾ ಮಾಮ?" "ನನ್ನನ್ನೂ ನಂಬಬೇಡ, ನೀನೇ ನೋಡು" ಅಂದೆ. ಚಂದ್ರಯಾನ-3ರ ದತ್ತಾಂಶವನ್ನು 2024ರ ಆಗಸ್ಟಿನಲ್ಲಿ ಇಸ್ರೋ ಎಲ್ಲರಿಗೂ ತೆರೆದಿಟ್ಟಿದೆ. ಬರುವ ಭಾನುವಾರ ನಾವಿಬ್ಬರೂ ಕೂತು ಬಿಚ್ಚಿ ನೋಡುವುದು ಅಂತ ಆಗಿದೆ. ಭಾವನಿಗೂ ಒಂದು ಕುರ್ಚಿ ಇಟ್ಟಿದ್ದೇವೆ :)

ನಿಮ್ಮ ಪಂಕ್ತಿಯಲ್ಲೂ ಇಂಥ ಭಾವಂದಿರು ಇದ್ದಾರಾ?