ಬೀದಿ ಒಂದು, ಒಡೆಯರು ಹಲವರು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದೆರಗಿದಾಗ ಆಡಳಿತಕ್ಕೆ ತೋರಿದ ಪರಿಹಾರ ಸರಳವಾದುದು: ಇಕ್ಕಟ್ಟಾದ ಪೇಟೆಯಿಂದಾಚೆ, ಬಯಲಿನಲ್ಲಿ ಹೊಸ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಬಂದು ನೆಲಸಿದರು. 1945ರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು, 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಗಳು ಹಿಡಿದುದೂ ಬಹುಮಟ್ಟಿಗೆ ಇದೇ ದಾರಿಯನ್ನು. ಬಯಲಿನಲ್ಲಿ ಗೆರೆ ಎಳೆಯುವುದು ಸುಲಭ. ಜನ ಬಾಳುತ್ತಿರುವ ಮನೆಗಳ ನಡುವೆ ಎಳೆಯುವುದು ಕಠಿನ.

ಆ ಕಾಠಿನ್ಯವನ್ನು ದೊಡ್ಡನೆಕ್ಕುಂದಿಯಲ್ಲಿ ಕಾಣಬಹುದು. ಕೆರೆಯ ಬಳಿಯ ಈ ಹಳ್ಳಿಯ ಆಸುಪಾಸಿನಲ್ಲಿ ಕೈಗಾರಿಕಾ ಪ್ರದೇಶ ಬಂದಿತು, ಹೊರ ವರ್ತುಲ ರಸ್ತೆ ಬಂದಿತು, ಗಾಜಿನ ಸೌಧಗಳೆದ್ದವು. ಎತ್ತಿನ ಗಾಡಿಗೆ ಸಾಲುತ್ತಿದ್ದ ಹಳೆಯ ಓಣಿಗಳು ಮಾತ್ರ ಹಿಗ್ಗಲಿಲ್ಲ. ಊರು ಮಹಾನಗರ ಪಾಲಿಕೆಯ ಎಲ್ಲೆಯೊಳಗೆ ಸೇರಿದುದು 2007ರಲ್ಲಿ. ಮನೆಗಳೆದ್ದ ಮೇಲೆ ನಕ್ಷೆ ಬಂದಂತಾಯಿತು.

ಇಲ್ಲಿ ಕೆಲಸ ಮಾಡಬೇಕಾದವರೇನೂ ಕಡಮೆಯಿಲ್ಲ. ನೀರು, ಒಳಚರಂಡಿಗಳು 1964ರಲ್ಲಿ ಸ್ಥಾಪಿತವಾದ ಜಲಮಂಡಳಿಗೆ, ವಿದ್ಯುತ್ತು ಬೆಸ್ಕಾಂಗೆ, ಮೆಟ್ರೋ ಮಾರ್ಗ ಮತ್ತೊಂದು ನಿಗಮಕ್ಕೆ, ಓಣಿಯ ಡಾಂಬರು ಪಾಲಿಕೆಗೆ. ಒಬ್ಬರು ಮುಚ್ಚಿದ ನೆಲವನ್ನು ಮತ್ತೊಬ್ಬರು ಅಗೆಯುವುದು ಬೆಂಗಳೂರಿಗರಿಗೆ ಹೊಸ ನೋಟವಲ್ಲ. ಹಣ ಪೋಲಾಗುವುದು ಒಂದು ನಷ್ಟ. ಅಗೆದ ಬೀದಿಯಲ್ಲಿ ವ್ಯಾಪಾರವಿಲ್ಲದೆ ಕುಳಿತ ಚಿಲ್ಲರೆ ಅಂಗಡಿಯವನದು ಯಾವ ಲೆಕ್ಕದಲ್ಲಿಯೂ ಸೇರದ ನಷ್ಟ.

ಓಣಿಯನ್ನು ಅಗಲಿಸುವುದಂತೂ ಇನ್ನೂ ಸೂಕ್ಷ್ಮವಾದ ವಿಷಯ. ನೆಲ ಬಿಟ್ಟುಕೊಟ್ಟವರಿಗೆ ನಗದಿಗೆ ಬದಲಾಗಿ ಅಭಿವೃದ್ಧಿ ಹಕ್ಕಿನ ಪತ್ರ ಕೊಡುವ ಪದ್ಧತಿ ಕರ್ನಾಟಕದಲ್ಲಿದೆ. ಪತ್ರ ಸೇರುವುದು ನೆಲದ ಒಡೆಯನ ಕೈಗೆ. ಅದೇ ಜಗಲಿಯಲ್ಲಿ ಬಾಡಿಗೆಗಿದ್ದು ಬಟ್ಟೆ ಹೊಲಿಯುತ್ತಿದ್ದವನಿಗೆ ಆ ಪತ್ರದಲ್ಲಿ ಪಾಲಿಲ್ಲ. ರಸ್ತೆ ಅಗಲವಾಗುತ್ತದೆ, ಅವನ ಅನ್ನದ ದಾರಿ ಕಿರಿದಾಗುತ್ತದೆ.

ಹೊರನಾಡಿನ ಒಂದು ನಿದರ್ಶನ ಇಲ್ಲಿ ನೆನೆಯತಕ್ಕದ್ದು. 1961ರಲ್ಲಿ ಸಿಂಗಾಪುರದ ಬುಕಿತ್ ಹೋ ಸ್ವೀ ಎಂಬಲ್ಲಿ ಬೆಂಕಿ ಬಿದ್ದು ಸುಮಾರು 16,000 ಜನ ಮನೆ ಕಳೆದುಕೊಂಡರು. ಹಿಂದಿನ ವರ್ಷವಷ್ಟೆ ಹುಟ್ಟಿದ್ದ ಅಲ್ಲಿನ ವಸತಿ ಮಂಡಳಿ ಸುಟ್ಟ ನೆಲದಲ್ಲಿಯೇ ಮಹಡಿ ಮನೆಗಳನ್ನು ಕಟ್ಟಿತು. ನೆಲವೂ ಮನೆಯೂ ಒಂದೇ ಹೊಣೆಯಾದಾಗ ಕೆಲಸ ಸಾಗುವ ಬಗೆ ಅದು.

2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಅಸ್ತಿತ್ವಕ್ಕೆ ಬಂದು, ಅದರಡಿಯಲ್ಲಿ 5 ನಗರ ಪಾಲಿಕೆಗಳಾದವು. ದೊಡ್ಡನೆಕ್ಕುಂದಿ ಪೂರ್ವ ಪಾಲಿಕೆಗೆ ಸೇರಿತು. ಬೇರೆ ಬೇರೆ ಸಂಸ್ಥೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಪ್ರಾಧಿಕಾರದ ಉದ್ದೇಶ. ಒಳ್ಳೆಯದೇ. ಆ ಮೇಜಿನ ಬಳಿ ಓಣಿಯವರಿಗೂ ಒಂದು ಪೀಠವಿರಲಿ. ಊರನ್ನು ಹೊಸದು ಮಾಡುವುದೆಂದರೆ ಊರಿನವರನ್ನು ಉಳಿಸಿಕೊಂಡೇ ಮಾಡುವುದು.