ಮೊದಲು ಪ್ರಶ್ನೆ ಕೇಳಲು ಕಲಿಸೋಣ

ಮೊದಲ ಸೆಮಿಸ್ಟರಿನ ಹುಡುಗಿಯೊಬ್ಬಳು ಎರಡು ಸಂಖ್ಯೆ ಕೂಡಿಸುವ ಪೈಥಾನ್ ಪ್ರೋಗ್ರಾಮ್ ಬರೆದಿದ್ದಾಳೆ ಎಂದುಕೊಳ್ಳಿ. 10 ಮತ್ತು 20 ಕೊಟ್ಟರೆ 30 ಬರಬೇಕು. ಪರದೆಯ ಮೇಲೆ ಬರುವುದು 1020. ಅರ್ಧ ಗಂಟೆ ತಡಕಾಡಿದ ಮೇಲೆ ಲ್ಯಾಪ್‌ಟಾಪ್ ಪರದೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು, ಪ್ರೋಗ್ರಾಮರ್‌ಗಳು ಸೇರುವ ತಾಣಕ್ಕೆ ಹಾಕುತ್ತಾಳೆ: ‘ಸರ್, ನನ್ನ ಕೋಡ್ ವರ್ಕ್ ಆಗ್ತಿಲ್ಲ. ತುಂಬಾ ಅರ್ಜೆಂಟ್. ದಯವಿಟ್ಟು ಸಹಾಯ ಮಾಡಿ.’ ಸ್ವಲ್ಪ ಹೊತ್ತಿಗೆ ಪ್ರಶ್ನೆಗೆ ಎರಡು ಮೈನಸ್ ಅಂಕ ಬೀಳುತ್ತವೆ, ಆಮೇಲೆ ಬೀಗವೂ ಬೀಳುತ್ತದೆ. ಅವಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ದೊಡ್ಡವರಲ್ಲಿ ಏನಾದರೂ ಕೇಳುವಾಗ ‘ಸರ್’ ಎನ್ನಬೇಕು, ‘ದಯವಿಟ್ಟು’ ಎನ್ನಬೇಕು ಎಂದು ಮನೆಯಲ್ಲೂ ಶಾಲೆಯಲ್ಲೂ ಕಲಿತು ಬಂದವಳು ಅವಳು. ಆದರೆ 2008ರಲ್ಲಿ ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪೋಲ್‌ಸ್ಕಿ ಕಟ್ಟಿದ ಸ್ಟ್ಯಾಕ್ ಓವರ್‌ಫ್ಲೋದಂಥ ತಾಣದಲ್ಲಿ ಈ ಉಪಚಾರದ ಮಾತುಗಳನ್ನು ಪ್ರಶ್ನೆಯಿಂದ ತೆಗೆದುಹಾಕುತ್ತಾರೆ. ಅಲ್ಲಿ ಕೋಡನ್ನು ಫೋಟೊ ಹಾಕದೆ ಅಕ್ಷರದಲ್ಲೇ ಕೊಡಬೇಕು. ಏನು ಬರಬೇಕಿತ್ತು, ಏನು ಬಂತು ಎಂದು ಬಿಡಿಸಿ ಹೇಳಬೇಕು. ನಾಳೆ ಇದೇ ತೊಂದರೆಗೆ ಸಿಕ್ಕಿಬೀಳುವ ಇನ್ನೊಬ್ಬರಿಗೂ ಆ ಪ್ರಶ್ನೆ ಉಪಯೋಗಕ್ಕೆ ಬರಲಿ ಎಂಬುದು ಇದರ ಉದ್ದೇಶ. ಸಂಬಳವಿಲ್ಲದೆ ಉತ್ತರ ಬರೆಯುವ ಅನುಭವಿಗಳು ಅದದೇ ಅರೆಬರೆ ಪ್ರಶ್ನೆಗಳನ್ನು ಓದಿ ಬೇಸತ್ತರೆ ಅವರನ್ನೂ ದೂರುವಂತಿಲ್ಲ. ಹೊಸಬರು ಒಳಗೆ ಕಾಲಿಡುವ ಮೊದಲು ಈ ಮನೆಯ ರೀತಿ ಹೀಗೆ ಎಂದು ಹೇಳಿಕೊಡುವವರು ಬಾಗಿಲಲ್ಲಿ ಬಹುಕಾಲ ಯಾರೂ ಇರಲಿಲ್ಲ ಎಂಬುದೇ ಇಲ್ಲಿನ ಕೊರತೆ.

ಅಂಥವರನ್ನು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಸಂಶೋಧಕರು ಒಂದು ತಿಂಗಳ ಪ್ರಯೋಗ ನಡೆಸಿದರು. ಪ್ರಶ್ನೆ ಬರೆಯುತ್ತಿದ್ದ ಹೊಸಬರನ್ನು ಅದನ್ನು ಪ್ರಕಟಿಸುವ ಮೊದಲೇ ಒಂದು ಸಹಾಯ ಕೋಣೆಗೆ ಕರೆದರು. ಅಲ್ಲಿದ್ದ ಅನುಭವಿಗಳು ಕರಡನ್ನು ಓದಿ, ಇಲ್ಲಿ ಹಿನ್ನೆಲೆ ಸಾಲದು, ಕೋಡನ್ನು ಹೀಗೆ ಜೋಡಿಸಿ, ಈ ವಾಕ್ಯವನ್ನು ತಿದ್ದಿ ಎಂದು ಸೂಚಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೀಗೆ ತಿದ್ದಿಸಿಕೊಂಡ ಪ್ರಶ್ನೆಗಳಿಗೆ ಸಿಕ್ಕ ಸರಾಸರಿ ಅಂಕ ಶೇ 50ರಷ್ಟು ಹೆಚ್ಚಿತ್ತು.

ಅದೇ ವರ್ಷ ಏಪ್ರಿಲ್‌ನಲ್ಲಿ, ಹೊಸಬರಿಗೆ, ಮಹಿಳೆಯರಿಗೆ, ಅಂಚಿನ ಸಮುದಾಯದವರಿಗೆ ತನ್ನ ತಾಣ ಹಿತವಾಗಿಲ್ಲ ಎಂದು ಆ ಕಂಪನಿಯೇ ಬಹಿರಂಗವಾಗಿ ಒಪ್ಪಿಕೊಂಡಿತು. ಮೊದಲ ಸಲ ಬಂದವರ ಹೆಸರಿನ ಪಕ್ಕದಲ್ಲಿ ‘ಹೊಸಬರು’ ಎಂಬ ಗುರುತು ಕಾಣಿಸಿಕೊಂಡಿತು. ಆದರೆ ಹೊಸಬರ ಪ್ರಶ್ನೆಯನ್ನು ಪ್ರಕಟಣೆಗೆ ಮುನ್ನವೇ ಅನುಭವಿಗಳು ನೋಡಿಕೊಡುವ ‘ಸ್ಟೇಜಿಂಗ್ ಗ್ರೌಂಡ್’ ಎಲ್ಲರಿಗೂ ತೆರೆದದ್ದು 2024ರಲ್ಲಿ. ಪ್ರಯೋಗದಲ್ಲಿ ಗೆದ್ದ ಒಂದು ಉಪಾಯ ಜಾರಿಗೆ ಬರಲು ಇಷ್ಟು ವರ್ಷ ಹಿಡಿಯಬಾರದಿತ್ತು.

ಈಗ ಮೊದಲು ಹೇಳಿದ ಅದೇ ಹುಡುಗಿಯ ಪಕ್ಕದಲ್ಲಿ ಒಬ್ಬರು ಕೂತಿದ್ದಾರೆ ಎಂದುಕೊಳ್ಳಿ.

‘ಏನು ಕೊಟ್ರಿ? ಏನು ಬಂತು?’

‘10, 20 ಕೊಟ್ಟೆ ಸರ್. 1020 ಬಂತು.’

‘ಅಂದ್ರೆ 10ರ ಪಕ್ಕದಲ್ಲೇ 20 ಹೋಗಿ ಕೂತಿದೆ. ನೀವು ಕೊಟ್ಟಿದ್ದನ್ನ ಕಂಪ್ಯೂಟರ್ ಏನು ಅಂತ ತಿಳ್ಕೊಂಡಿದೆ? ಅದರ ಟೈಪ್ ಒಂದ್ಸಲ ಪ್ರಿಂಟ್ ಮಾಡಿ ನೋಡಿ.’

ಅವಳು ಪ್ರಿಂಟ್ ಮಾಡುತ್ತಾಳೆ. ಪೈಥಾನ್‌ನ ಇನ್‌ಪುಟ್, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಅಕ್ಷರಮಾಲೆಯಾಗಿ, ಅಂದರೆ ಸ್ಟ್ರಿಂಗ್ ಆಗಿಯೇ ತೆಗೆದುಕೊಳ್ಳುತ್ತದೆ ಎಂಬುದು ಕಣ್ಣೆದುರಿಗೆ ಬರುತ್ತದೆ. ಅದನ್ನು ಸಂಖ್ಯೆಯಾಗಿ ಬದಲಿಸಿದರಾಯಿತು ಎಂದು ಅವಳಿಗೇ ಹೊಳೆಯುತ್ತದೆ. ಪಕ್ಕದಲ್ಲಿದ್ದವರು ಉತ್ತರ ಹೇಳಲೇ ಇಲ್ಲ.

ಕಟ್ರಿನಾ ಓವೆನ್ 2013ರಲ್ಲಿ ಆರಂಭಿಸಿದ ಎಕ್ಸರ್ಸಿಸಂ ಎಂಬ ಕೋಡಿಂಗ್ ಅಭ್ಯಾಸದ ತಾಣದಲ್ಲೂ ಮಾರ್ಗದರ್ಶಕರ ಕೆಲಸ ಇದೇ ಬಗೆಯದು. ಕಲಿಯುವವರು ಅಭ್ಯಾಸ ಮುಗಿಸಿ ಕೋಡ್ ಕಳಿಸಿದರೆ, ಸ್ವಯಂಸೇವಕರೊಬ್ಬರು ಅದನ್ನು ಓದಿ, ಇದನ್ನು ಇನ್ನೂ ಸರಳವಾಗಿ ಬರೆಯಲು ಆಗುತ್ತದೆಯೇ ಎಂದು ಚರ್ಚೆಗೆ ಕೂರುತ್ತಾರೆ. ಕಲಿಯುವವರಿಗೆ ಇದು ಪೂರ್ತಿ ಉಚಿತ.

ಚಾಟ್‌ಜಿಪಿಟಿ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2022ರ ಕೊನೆಗೆ ಅದು ಬಂದ ಮೇಲೆ ಸ್ಟ್ಯಾಕ್ ಓವರ್‌ಫ್ಲೋಗೆ ಬರುವ ಹೊಸ ಪ್ರಶ್ನೆಗಳು ತೀರಾ ಇಳಿದಿರುವುದೂ ನಿಜ. 1020ರ ಕೋಡನ್ನು ಅದಕ್ಕೆ ಕೊಟ್ಟರೆ ಕ್ಷಣದಲ್ಲಿ ಸರಿ ಮಾಡಿಕೊಡುತ್ತದೆ. ಆದರೆ ನಾಳೆ ಕೆಲಸಕ್ಕೆ ಸೇರಿದಾಗ, ಸಾವಿರಾರು ಸಾಲಿನ ಕೋಡಿನಲ್ಲಿ ಎಲ್ಲಿ ಎಡವಿದೆ ಎಂದು ತಂಡದವರಿಗೆ ವಿವರಿಸಬೇಕಾದವಳು ಅವಳೇ. ತೊಂದರೆಯನ್ನು ಬಿಡಿಸಿ ಹೇಳುವ ರೂಢಿ ಸಿದ್ಧ ಉತ್ತರ ಪಡೆದು ಬರುವಂಥದ್ದಲ್ಲ.

ನಮ್ಮಲ್ಲಿ ಇನ್ನೂ ಒಂದು ತೊಡಕಿದೆ. ಇಂಗ್ಲಿಷ್ ಬಿಟ್ಟರೆ ಸ್ಟ್ಯಾಕ್ ಓವರ್‌ಫ್ಲೋ ಇರುವುದು ಪೋರ್ಚುಗೀಸ್, ಸ್ಪ್ಯಾನಿಷ್, ರಷ್ಯನ್ ಮತ್ತು ಜಪಾನಿ ಭಾಷೆಗಳಲ್ಲಿ. ಭಾರತದ ಒಂದು ಭಾಷೆಗೂ ಅಲ್ಲಿ ಜಾಗವಿಲ್ಲ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್‌ಗೆ ಬಂದವರು ಕೋಡಿನ ಜೊತೆಗಷ್ಟೇ ಅಲ್ಲ, ಇಂಗ್ಲಿಷ್ ವಾಕ್ಯದ ಜೊತೆಗೂ ಗುದ್ದಾಡಬೇಕು. ಎಷ್ಟೋ ಸಲ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಪ್ರತಿ ಎಂಜಿನಿಯರಿಂಗ್, ಡಿಪ್ಲೊಮಾ ಕಾಲೇಜು ವಾರಕ್ಕೊಂದು ಸಂಜೆ ಲ್ಯಾಬ್ ತೆರೆದಿಡಲಿ. ಕೊನೆಯ ವರ್ಷದ ಇಬ್ಬರು ಅಲ್ಲಿ ಕೂರಲಿ. ಬೆಂಗಳೂರಿನ ಕಂಪನಿಗಳಲ್ಲಿರುವ ಕನ್ನಡದ ಎಂಜಿನಿಯರ್‌ಗಳು ಶನಿವಾರ ಒಂದು ಗಂಟೆ ವಿಡಿಯೊ ಕರೆಯಲ್ಲಿ ಸಿಗಲಿ. ತೊಂದರೆಯನ್ನು ಮೊದಲು ಕನ್ನಡದಲ್ಲೇ ಹೇಳಿಸಿ, ಆಮೇಲೆ ಕಲಿಯುವವರೂ ಮಾರ್ಗದರ್ಶಕರೂ ಸೇರಿ ಇಂಗ್ಲಿಷ್‌ನಲ್ಲಿ ಬರೆದು ತಾಣಕ್ಕೆ ಹಾಕಲಿ. ಮೊದಲ ಇಂಟರ್ನಲ್ಸ್ ಪರೀಕ್ಷೆ ಬರುವ ಮುನ್ನವೇ ಇದನ್ನು ಶುರು ಮಾಡಬಹುದು. ಹೊಸ ಹುಡುಗರು ಕೈಚೆಲ್ಲಿ ಕೂರುವುದು ಹೆಚ್ಚಾಗಿ ಆ ಮೊದಲ ಕೆಲವು ವಾರಗಳಲ್ಲೇ.