ಜೋಳಿಗೆ ಹಿಡಿಯಬೇಕಾದದ್ದು ಮಕ್ಕಳ ಮುಂದಲ್ಲ

ಜೂನ್ 26 ಬಂತೆಂದರೆ ಮಾದಕವಸ್ತು ವಿರೋಧಿ ಜಾಥಾ; ಅದಕ್ಕೂ ಮೊದಲು ಮೇ 31ಕ್ಕೆ ತಂಬಾಕು ವಿರೋಧಿ ಜಾಥಾ. ಬೀದರ್ ಇರಲಿ, ಭಾಲ್ಕಿ, ಔರಾದ್ ಇರಲಿ, ಕ್ರಮ ಒಂದೇ. ಮಕ್ಕಳ ಕೈಗೆ ಫಲಕ, ಬಲಗೈ ಚಾಚಿಸಿ ಪ್ರತಿಜ್ಞಾವಿಧಿ, ಅತಿಥಿಗಳಿಗೆ ಶಾಲು, ಮರುದಿನ ಪತ್ರಿಕೆಯಲ್ಲಿ ಫೋಟೊ. ಆ ಮಕ್ಕಳು ಮನೆಗೆ ಹೋಗುವ ದಾರಿಯ ಪಾನ್ ಡಬ್ಬಾದಲ್ಲಿ ಮಾತ್ರ ಪೊಟ್ಟಣಗಳ ಸರ ಹಾಗೇ ತೂಗುತ್ತಿರುತ್ತದೆ.

ಇಳಕಲ್‌ನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆ ಮನೆಗೆ ಹೋದವರು. ದುಡ್ಡು ಬೇಡ, ದವಸ ಬೇಡ, ನಿಮ್ಮ ಚಟ ಹಾಕಿ ಎಂದವರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಒಳ್ಳೆಯದೇ. ಆದರೆ ಆ ಜೋಳಿಗೆಗೆ ಬಿದ್ದದ್ದು ಕುಡಿಯುವ, ಸೇದುವ ದೊಡ್ಡವರ ಚಟ. ನಾವು ಅದನ್ನು ಯಾವ ಚಟವೂ ಇಲ್ಲದ ಎಂಟನೇ ಇಯತ್ತೆಯ ಹುಡುಗಿಯ ಮುಂದೆ ಹಿಡಿದು ನಿಂತಿದ್ದೇವೆ!

ಕಾನೂನಿಗೇನೂ ಬರವಿಲ್ಲ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ವ್ಯಾಪಾರ ಅದಕ್ಕೆ ಕೊಟ್ಟ ಉತ್ತರ ಎರಡು ಪೊಟ್ಟಣ: ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ಜರ್ದಾ, ಬೆರೆಸಿಕೊಳ್ಳುವುದು ಗಿರಾಕಿಯ ಪಾಲು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಬಿಡಿ ಸಿಗರೇಟು ಮಾರುವಂತಿಲ್ಲ, ಶಾಲೆ-ಕಾಲೇಜಿನ ನೂರು ಮೀಟರ್ ಒಳಗೆ ಮಾರಾಟವೇ ಇಲ್ಲ. ಅಂದರೆ ಶಾಲಾಭಿವೃದ್ಧಿ ಸಮಿತಿಯವರು ಗೇಟಿನಿಂದ ಟೇಪು ಹಿಡಿದರೆ ಸಾಕು, ಅರ್ಧ ಕೆಲಸ ಮುಗಿಯಿತು. ಹಿಡಿಯುವುದಿಲ್ಲ. ಡಬ್ಬಾದವನು ಪರಿಚಯದವನು, ಜಾಗ ಬಾಡಿಗೆಗೆ ಕೊಟ್ಟವರು ಊರಿನ ಪ್ರಮುಖರು.

ಡಬ್ಬಾದವನು ಬಡವ, ಅವನ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ ಎಂಬ ಮಾತು ಬರುತ್ತದೆ. ಒಪ್ಪೋಣ. ಹಾಗಾದರೆ ಅವನಿಗೆ ಮಾಲು ಕೊಡುವ ಸಗಟು ವ್ಯಾಪಾರಿ? ಅವನು ಬಡವನಲ್ಲವಲ್ಲ. ಮಠ, ದರ್ಗಾ, ಗುರುದ್ವಾರ, ಚರ್ಚುಗಳ ಹಿರಿಯರು ಒಟ್ಟಾಗಿ ಅವನ ಗದ್ದಿಗೆ ಹೋಗಲಿ, ಮಳಿಗೆ ಮಾಲೀಕರ ಮನೆಗೂ ಹೋಗಲಿ. ಪ್ರತಿಜ್ಞಾವಿಧಿ ಬೋಧಿಸಬೇಕಾದದ್ದು ಅವರಿಗೆ. ಅವ್ವ ಮಿಶ್ರಿ ಉಜ್ಜುವ, ಅಪ್ಪ ಮಗನ ಕೈಗೇ ಹತ್ತು ರೂಪಾಯಿ ಕೊಟ್ಟು ಪುಡಿ ತರಿಸುವ ಮನೆಗಳಿಗೂ ಹೋಗಲಿ. ಮೊಬೈಲು, ಸಿನಿಮಾ ಮಕ್ಕಳನ್ನು ಕೆಡಿಸಿದವು ಎಂಬ ಭಾಷಣ ಆಮೇಲೆ ಕೇಳೋಣ.

ಗಾಂಜಾ ವಿಷಯ ಬೇರೆ. ಔರಾದ್ ತೆಲಂಗಾಣ, ಮಹಾರಾಷ್ಟ್ರ ಎರಡಕ್ಕೂ ಅಂಟಿಕೊಂಡ ತಾಲ್ಲೂಕು. 2024ರಲ್ಲಿ ಅಲ್ಲಿನ ವನಮಾರಪಳ್ಳಿ ಚೆಕ್‌ಪೋಸ್ಟ್ ಬಳಿ ಲಾರಿಯಲ್ಲಿ ಬಚ್ಚಿಟ್ಟಿದ್ದ ಕ್ವಿಂಟಲ್‌ಗಟ್ಟಲೆ ಗಾಂಜಾ ಸಿಕ್ಕಿತ್ತು. ಅಂಥ ಲಾರಿ ಹಿಡಿಯುವುದು ಪೊಲೀಸರ ಕೆಲಸ, ಊರಿನವರದಲ್ಲ. ಊರಿನವರ ಪಾಲಿಗೆ ಬರುವುದು ಸೇದಿ ಸಿಕ್ಕಿಬಿದ್ದ ಹುಡುಗ. ಅವನಿಗೆ ನಾವು ಮಾಡುವುದೇನು? ಬಡಿತ, ಬೈಗುಳ, ಕೊನೆಗೆ ಟಿಸಿ. ಶಾಲೆ ತಪ್ಪಿದ ಹುಡುಗನಿಗೆ ಉಳಿಯುವ ಸಂಗಾತ ಯಾರದೆಂದು ಎಲ್ಲರಿಗೂ ಗೊತ್ತು. 1985ರ ಎನ್‌ಡಿಪಿಎಸ್ ಕಾಯ್ದೆಯಂಥ ಕಠಿಣ ಕಾಯ್ದೆಯೂ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಅದರ 64ಎ ಕಲಂ ಇರುವುದೇ ಅದಕ್ಕೆ. ಕಾಯ್ದೆಗಿರುವಷ್ಟು ಕರುಣೆ ನಮ್ಮ ಶಾಲೆಗಳಿಗೆ ಬೇಡವೇ? ಮುಖ್ಯಗುರುಗಳೇ, ಟಿಸಿ ಬರೆಯುವ ಮೊದಲು ತಂದೆ-ತಾಯಿಯನ್ನು ಕೂರಿಸಿಕೊಂಡು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಒಂದು ಫೋನ್ ಮಾಡಿ. ಕರೆ ಉಚಿತ.